ಓದಿಗೆ ತಕ್ಕ ಸಂಬಳ: ಲೆಕ್ಕ ತಪ್ಪುವುದೆಲ್ಲಿ?

ಓದಿಗೂ ಸಂಬಳಕ್ಕೂ ಇರುವ ನಂಟು ನಿಚ್ಚಳವಾಗಿ ಕಾಣುವುದು ತಾಲ್ಲೂಕು ಕಚೇರಿಯಲ್ಲಿ. ಕಡತ ಹೊತ್ತು ತರುವ ಗ್ರೂಪ್ ಡಿ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಮೇಲೆ ಆ ಹುದ್ದೆಯ ಆರಂಭಿಕ ಮೂಲವೇತನ 27,000 ರೂಪಾಯಿ. ಪಿಯುಸಿ ಆದವರು ಪರೀಕ್ಷೆ ಬರೆದು ಸೇರುವ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ 34,100. ಪದವಿ ಕೇಳುವ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ 44,425. ಮೂರು ಮೆಟ್ಟಿಲು, ಮೂರು ಸಂಬಳ. ಇನ್ನೂ ಮೇಲೆ ಹೋಗಿ ಸ್ನಾತಕೋತ್ತರ ಪದವಿ ಪಡೆದು, ಎನ್‌ಇಟಿ ಪಾಸು ಮಾಡಿ ಸರ್ಕಾರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾದರೆ ಯುಜಿಸಿ ವೇತನ ಶ್ರೇಣಿಯಲ್ಲಿ ಆರಂಭವೇ 57,700.

ನಮ್ಮ ಮನೆಗಳಲ್ಲಿ ಮಕ್ಕಳಿಗೆ 'ಓದು, ಓದಿದರೆ ಮುಂದೆ ಬರ್ತೀಯ' ಎಂದು ಹೇಳುವಾಗ ಹಿರಿಯರ ಕಣ್ಣ ಮುಂದಿರುವುದು ಈ ಏಣಿಯೇ. ಎಷ್ಟು ಓದಿದರೆ ಅಷ್ಟು ಎತ್ತರ. ಅವರು ಹೇಳುವುದು ಸುಳ್ಳಲ್ಲ. ಆದರೆ ಈ ಏಣಿ ನಿಂತಿರುವುದು ಸರ್ಕಾರಿ ಕಟ್ಟಡದ ಒಳಗೆ. ದುಡಿಯುವ ಜನರಲ್ಲಿ ಬಹುಪಾಲು ಆ ಕಟ್ಟಡದ ಹೊರಗಿದ್ದಾರೆ. ಅಲ್ಲಿ ಓದು ಮತ್ತು ಸಂಪಾದನೆಯ ಲೆಕ್ಕ ಬೇರೆಯೇ ಆಗುತ್ತದೆ.

ಈ ಏಣಿಯ ಕಲ್ಪನೆಗೆ ನಮ್ಮಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದದ್ದು 1913ರಲ್ಲಿ, ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1917ರಲ್ಲಿ. ಅದರ ಬೆನ್ನಿಗೇ, 1918ರಲ್ಲಿ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಸರ್ಕಾರಿ ನೌಕರಿಗಳೆಲ್ಲ ಮೊದಲು ಓದಿದ ಒಂದೇ ಸಮುದಾಯದ ಪಾಲಾಗುತ್ತಿವೆ ಎಂಬ ದೂರಿನಿಂದ ಹುಟ್ಟಿದ ಸಮಿತಿ ಅದು. ಏಳು ವರ್ಷಗಳ ಒಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು ಹೇಳಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಡಲು ಈ ವಿವಾದವೂ ಒಂದು ಕಾರಣವಾಯಿತು. ಓದು ಎಂದರೆ ನೌಕರಿ, ನೌಕರಿ ಎಂದರೆ ಸರ್ಕಾರ ಎಂಬ ಸಮೀಕರಣ ನಮ್ಮ ರಾಜಕೀಯದ ಬುಡದಲ್ಲೇ ಇದೆ. ಯಾರಿಗೆ ಓದು ತಡವಾಗಿ ದಕ್ಕಿತೋ ಅವರಿಗೆ ನೌಕರಿಯೂ ತಡವಾಗಿ ದಕ್ಕಿತು. ಆದ್ದರಿಂದಲೇ ಈ ಪ್ರಶ್ನೆಯನ್ನು ಬರೀ ಹಣದ ಲೆಕ್ಕವಾಗಿ ನೋಡಲು ನನಗೆ ಆಗುವುದಿಲ್ಲ.

ಹಣದ ಲೆಕ್ಕವನ್ನು ಶಾಸ್ತ್ರೀಯವಾಗಿ ಮಾಡಿದವರು ಅರ್ಥಶಾಸ್ತ್ರಜ್ಞರು. ಗ್ಯಾರಿ ಬೆಕರ್ 1964ರಲ್ಲಿ ಓದನ್ನು ಮಾನವ ಬಂಡವಾಳ ಎಂದು ವಿವರಿಸಿದರು: ಹೊಲಕ್ಕೆ ಬಾವಿ ತೋಡಿಸಿದ ಹಾಗೆ, ಈಗ ಖರ್ಚು ಮಾಡಿದರೆ ಮುಂದೆ ವರ್ಷ ವರ್ಷವೂ ಫಲ. ಜೇಕಬ್ ಮಿನ್ಸರ್ 1974ರಲ್ಲಿ ಶಾಲೆಯ ಒಂದೊಂದು ವರ್ಷವೂ ಗಳಿಕೆಗೆ ಎಷ್ಟು ಕೂಡಿಸುತ್ತದೆ ಎಂದು ಅಳೆಯುವ ಸೂತ್ರ ಕೊಟ್ಟರು. ಆ ಸೂತ್ರ ಹಿಡಿದು ಲೋಕದ ತುಂಬ ಅಳತೆ ನಡೆಯಿತು. 1950ರಿಂದ 2014ರವರೆಗೆ 139 ದೇಶಗಳಲ್ಲಿ ನಡೆದ 1,120 ಅಂದಾಜುಗಳನ್ನು ಒಟ್ಟುಗೂಡಿಸಿ ಸಾಕರೋಪೊಲಸ್ ಮತ್ತು ಪ್ಯಾಟ್ರಿನೋಸ್ ಕಂಡುಕೊಂಡದ್ದು: ಶಾಲೆಯಲ್ಲಿ ಕಳೆದ ಒಂದು ವರ್ಷ ಗಳಿಕೆಯನ್ನು ಸರಾಸರಿ ಶೇ 9ರಷ್ಟು ಹೆಚ್ಚಿಸುತ್ತದೆ. ಹೆಣ್ಣುಮಕ್ಕಳಿಗೆ ಈ ಲಾಭ ಗಂಡಸರಿಗಿಂತ ಸುಮಾರು ಎರಡು ಶೇಕಡಾ ಅಂಶ ಹೆಚ್ಚು.

ಓದಿದವರು ಹೆಚ್ಚು ಗಳಿಸುವುದು ಓದಿನಿಂದಲೋ, ಅಥವಾ ಚುರುಕಾದ, ಉಳ್ಳವರ ಮನೆಯ ಮಕ್ಕಳೇ ಹೆಚ್ಚು ಓದುವುದರಿಂದಲೋ? ಈ ಅನುಮಾನಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಇಂಡೊನೇಷ್ಯಾದಲ್ಲಿ. ಅಲ್ಲಿನ ಸರ್ಕಾರ 1970ರ ದಶಕದಲ್ಲಿ, ಪೆಟ್ರೋಲಿಯಂ ಹಣ ಕೈಗೆ ಬಂದಾಗ, ಕೆಲವೇ ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಆ ಮಕ್ಕಳು ದೊಡ್ಡವರಾದ ಮೇಲಿನ ಕೂಲಿ ಸಂಬಳಗಳನ್ನು ಹಿಡಿದು 2001ರಲ್ಲಿ ಲೆಕ್ಕ ಹಾಕಿದರು. ಊರಿಗೆ ಶಾಲೆ ಬಂತು ಎಂಬ ಒಂದೇ ಕಾರಣಕ್ಕೆ ಹೆಚ್ಚು ಓದಿದವರಿಗೂ ಓದಿನ ಒಂದೊಂದು ವರ್ಷಕ್ಕೆ ಸುಮಾರು ಶೇ 7ರಿಂದ 11ರಷ್ಟು ಗಳಿಕೆ ಏರಿತ್ತು. ಓದು ಸಂಪಾದನೆಯನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಈಗ ಹೆಚ್ಚಿನ ತಕರಾರಿಲ್ಲ.

ಹಾಗಾದರೆ ನಮ್ಮ ಊರಿನಲ್ಲಿ ಡಿಗ್ರಿ ಮುಗಿಸಿದ ಹುಡುಗ ಖಾಲಿ ಕೂತಿರುವುದೇಕೆ? ಓದದವನು ಗಾರೆ ಕೆಲಸಕ್ಕೆ ಹೋಗಿ ದಿನಗೂಲಿ ಎಣಿಸುತ್ತಿರುವುದೇಕೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿ ಇದಕ್ಕೆ ಅಂಕಿ ಕೊಡುತ್ತದೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4. ಪ್ರೌಢಶಿಕ್ಷಣ ಅಥವಾ ಅದಕ್ಕೂ ಹೆಚ್ಚು ಓದಿದವರಲ್ಲಿ ಶೇ 18.4. ಪದವೀಧರರಲ್ಲಿ ಶೇ 29.1. ಏಣಿ ತಲೆಕೆಳಗಾದಂತೆ ಕಾಣುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿ ಇದನ್ನೇ ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಿತು: 25ಕ್ಕಿಂತ ಕಡಿಮೆ ವಯಸ್ಸಿನ ಪದವೀಧರರಲ್ಲಿ ಶೇ 42ರಷ್ಟು ಜನ ನಿರುದ್ಯೋಗಿಗಳು, 35 ದಾಟಿದ ಪದವೀಧರರಲ್ಲಿ ಶೇ 5ಕ್ಕೂ ಕಡಿಮೆ.

ಈ ಎರಡು ಅಂಕಿಗಳ ನಡುವೆ ಹತ್ತು ವರ್ಷಗಳ ಬದುಕಿದೆ. ಓದದವರಿಗೆ ನಿರುದ್ಯೋಗಿಯಾಗಿರಲು ಸಾಧ್ಯವೇ ಇಲ್ಲ. ಇವತ್ತು ದುಡಿಯದಿದ್ದರೆ ಇವತ್ತೇ ಒಲೆ ಹತ್ತುವುದಿಲ್ಲ. ಓದಿದವರು ಕಾಯುತ್ತಾರೆ. ಕಾಯಲು ಅಪ್ಪನ ಎರಡು ಎಕರೆಯೋ, ಅಕ್ಕನ ಟೈಲರಿಂಗ್ ಸಂಪಾದನೆಯೋ ಆಸರೆಯಾಗಿರುತ್ತದೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೆಂಟರುಗಳ ಸುತ್ತ ಬೆಳೆದಿರುವ ಪಿಜಿಗಳಲ್ಲಿ, ಗ್ರಂಥಾಲಯಗಳಲ್ಲಿ ಈ ಕಾಯುವಿಕೆಯನ್ನು ಕಣ್ಣಾರೆ ನೋಡಬಹುದು. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಫಲಿತಾಂಶ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಎರಡು ವರ್ಷ ಮೂರು ತಿಂಗಳು ಯಾವ ಅರ್ಥಶಾಸ್ತ್ರಜ್ಞರ ಸೂತ್ರದಲ್ಲೂ ಸೇರಿಲ್ಲ. ಆದರೆ ಇಪ್ಪತ್ತನಾಲ್ಕು ವರ್ಷದವರ ಬದುಕಿನಲ್ಲಿ ಅದು ಮದುವೆಯ ವಯಸ್ಸು, ಸಾಲ ತೀರಿಸುವ ವಯಸ್ಸು, ಬೇರೆ ಕೆಲಸ ಕಲಿಯಬಹುದಾದ ವಯಸ್ಸು.

ಕಾದು ಸೋತವರು ಮೂವತ್ತೈದರ ಹೊತ್ತಿಗೆ ಯಾವುದೋ ಒಂದು ಕೆಲಸ ಹಿಡಿದಿರುತ್ತಾರೆ. ಆಗ ಅವರನ್ನು ನಿರುದ್ಯೋಗಿ ಎಂದು ಯಾರೂ ಎಣಿಸುವುದಿಲ್ಲ. ಬಿ.ಎ. ಓದಿ ಫೈನಾನ್ಸ್ ಕಂಪನಿಯ ಸಾಲ ವಸೂಲಿಗೆ ಹೋಗುವವರು, ಬಿ.ಕಾಂ. ಓದಿ ಪಾರ್ಸೆಲ್ ಹಂಚುವವರು ಲೆಕ್ಕದಲ್ಲಿ ಉದ್ಯೋಗಿಗಳೇ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭಿಸಿದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಓದಿಗೂ ಕೆಲಸಕ್ಕೂ ನಡುವೆ ಕಂದಕವಿದೆ ಎಂದು ಸರ್ಕಾರವೇ ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಆ ಭತ್ಯೆಯಲ್ಲೂ ಡಿಪ್ಲೊಮಾಕ್ಕೆ ಅರ್ಧ ಬೆಲೆ ಕಟ್ಟಿರುವುದು ನಮ್ಮ ಮನಸ್ಸಿನಲ್ಲಿ ಯಾವ ಓದು ಮೇಲು, ಯಾವುದು ಕೀಳು ಎಂಬುದನ್ನು ಹೇಳಿಬಿಡುತ್ತದೆ.

ಒಂದೇ ಓದಿಗೆ ಎರಡು ಸಂಬಳ ಇರುವುದನ್ನು ನೋಡಬೇಕೆಂದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗಬೇಕು. ಒಂದೇ ಸ್ಟಾಫ್ ರೂಮಿನಲ್ಲಿ ಕಾಯಂ ಪ್ರಾಧ್ಯಾಪಕರು ಮತ್ತು ಅತಿಥಿ ಉಪನ್ಯಾಸಕರು ಕೂತಿರುತ್ತಾರೆ. ಇಬ್ಬರದೂ ಎಂ.ಎ. ಅಥವಾ ಎಂ.ಎಸ್ಸಿ., ಹಲವೊಮ್ಮೆ ಇಬ್ಬರದೂ ಪಿಎಚ್‌.ಡಿ. 2022ರ ಆರಂಭದವರೆಗೆ ಅತಿಥಿ ಉಪನ್ಯಾಸಕರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ, ಅದೂ ತರಗತಿ ನಡೆದ ತಿಂಗಳುಗಳಿಗೆ ಮಾತ್ರ. ಆ ಹೊತ್ತಿಗೆ ಅದೇ ಕಾಲೇಜಿನ ಗಂಟೆ ಬಾರಿಸುವ ಕಾಯಂ ನೌಕರರ ಮೂಲವೇತನವೇ 17,000 ಇತ್ತು. ಹೋರಾಟದ ನಂತರ ಗೌರವಧನ ಏರಿತು, ನಿಜ. ಆದರೆ ನಾನು ಹೇಳಬೇಕೆಂದಿರುವ ಮಾತು ಇದರಲ್ಲೇ ಇದೆ. ಸಂಬಳವನ್ನು ನಿರ್ಧರಿಸಿದ್ದು ಓದಲ್ಲ. ಓದಿನ ಕೊನೆಯಲ್ಲಿ ಕಾಯಂ ಹುದ್ದೆಯ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂಬುದು ನಿರ್ಧರಿಸಿತು.

ಬೆಂಗಳೂರಿನ ಕಾರ್ಖಾನೆಗಳ ಕತೆಯೂ ಇದನ್ನೇ ಹೇಳುತ್ತದೆ. ಎಚ್‌ಎಎಲ್ ಆರಂಭವಾದದ್ದು 1940ರಲ್ಲಿ, ಭಾರತೀಯ ದೂರವಾಣಿ ಕೈಗಾರಿಕೆ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ, ಎರಡು ವರ್ಷ ಐಟಿಐಯಲ್ಲಿ ಫಿಟ್ಟರೋ ಟರ್ನರೋ ಕಲಿತು, ಅಪ್ರೆಂಟಿಸ್ ಆಗಿ ಸೇರಿದ ಹಳ್ಳಿಯ ಹುಡುಗರು ಅಲ್ಲಿ ಕಾಯಂ ಆದರು. ಕ್ವಾರ್ಟರ್ಸ್, ಕ್ಯಾಂಟೀನ್, ಕಾರ್ಖಾನೆಯ ಬಸ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಕೊನೆಗೆ ಪಿಎಫ್ ದುಡ್ಡಿನಲ್ಲಿ ಒಂದು ಸೈಟು. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಇಂಜಿನಿಯರುಗಳಾದರು. ಆ ತಲೆಮಾರಿಗೆ ಹನ್ನೆರಡು ವರ್ಷದ ಓದು ಒಂದು ಇಡೀ ಸಂಸಾರವನ್ನು ಬಡತನದಿಂದ ದಾಟಿಸಿತು.

ಇವತ್ತೂ ಅದೇ ಐಟಿಐ ಪ್ರಮಾಣಪತ್ರ ಇದೆ. ಹಿಡಿದುಕೊಂಡು ಪೀಣ್ಯಕ್ಕೋ ಬಿಡದಿಗೋ ಹೋದವರಿಗೆ ಸಿಗುವುದು ಹೆಚ್ಚಾಗಿ ಗುತ್ತಿಗೆದಾರರ ಕೆಳಗಿನ ಕೆಲಸ. ಎಚ್‌ಎಂಟಿಯ ಗಡಿಯಾರ ಕಾರ್ಖಾನೆಗಳನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಹುಡುಗರು ದಡ್ಡರಾಗಿಲ್ಲ, ಲೇತ್ ಮೆಷಿನ್ನಿನ ಬದಲು ಸಿಎನ್‌ಸಿ ಬಂದು ಕೆಲಸ ಇನ್ನೂ ಸೂಕ್ಷ್ಮವಾಗಿದೆ. ಆದರೂ ಐಟಿಐ ಎಂದರೆ ಓದು ತಲೆಗೆ ಹತ್ತದವರು ಹೋಗುವ ಜಾಗ ಎಂಬ ಮಾತು ಊರೂರಲ್ಲಿ ನಿಂತುಬಿಟ್ಟಿದೆ. ಪರಿಣಾಮವಾಗಿ ಮಗ ಬಿ.ಎ.ಗೆ ಸೇರುತ್ತಾನೆ.

ಈ ನಡುವಿನ ಮೆಟ್ಟಿಲಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ನಮ್ಮ ಚರ್ಚೆಗಳು ಇದನ್ನು ಹಾರಿಕೊಂಡು ಹೋಗುತ್ತವೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಎಸ್ಸೆಸ್ಸೆಲ್ಸಿ ಆದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಸೇರಿದರೆ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಈಗ ಹಲವು ಜಿಲ್ಲೆಗಳಲ್ಲಿ ಅದರ ಕೇಂದ್ರಗಳಿವೆ. ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆ 2007ರಿಂದ ಹಳ್ಳಿಯ ಬಡಮಕ್ಕಳನ್ನು ಹತ್ತನೇ ತರಗತಿಯ ನಂತರ ಆರಿಸಿಕೊಂಡು ಊಟ ವಸತಿಯ ಜತೆಗೆ ಮೂರು ವರ್ಷ ಕಲಿಸುತ್ತಿದೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜತೆಗೂಡಿ 150 ಸರ್ಕಾರಿ ಐಟಿಐಗಳನ್ನು ನಾಲ್ಕು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಿದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ದಾರಿ ಅಲ್ಲಿಗೇ ನಿಲ್ಲುವುದಿಲ್ಲ. ಹೀಗಿದ್ದೂ ನಮ್ಮ ಎಷ್ಟು ಪ್ರೌಢಶಾಲೆಗಳಲ್ಲಿ ಈ ದಾರಿಗಳನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತಾರೆ? ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ ದೇಶದ ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಮಾತಾಡಿಸಿದಾಗ ಯಾವುದಾದರೂ ವೃತ್ತಿ ತರಬೇತಿಯಲ್ಲಿದ್ದವರು ಶೇ 5.6 ಮಾತ್ರ. ಆ ಸಮೀಕ್ಷೆಗೆ ನಮ್ಮ ರಾಜ್ಯದಿಂದ ಆಯ್ದ ಜಿಲ್ಲೆ ಮೈಸೂರು.

ವೃತ್ತಿ ಶಿಕ್ಷಣಕ್ಕೂ ಒಂದು ಮಿತಿಯಿದೆ. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಮತ್ತು ಅವರ ಸಂಗಡಿಗರು ಹಲವು ದೇಶಗಳನ್ನು ಹೋಲಿಸಿ ತೋರಿಸಿದ ಹಾಗೆ, ಕಸುಬು ಕಲಿತವರಿಗೆ ಮೊದಲ ಕೆಲಸ ಬೇಗ ಸಿಗುತ್ತದೆ. ಆದರೆ ನಲವತ್ತೈದು ಐವತ್ತರ ವಯಸ್ಸಿನಲ್ಲಿ ಯಂತ್ರ ಬದಲಾದಾಗ ಕೆಲಸ ಕಳೆದುಕೊಳ್ಳುವವರೂ ಅವರೇ ಹೆಚ್ಚು. ಆದ್ದರಿಂದ ಐಟಿಐಯ ಹುಡುಗರಿಗೆ ಗಣಿತ, ಭಾಷೆ ಬೇಡ ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಓದಿನ ವರ್ಷಗಳನ್ನು ಎಣಿಸುವುದರಲ್ಲೇ ಇನ್ನೊಂದು ತಪ್ಪಿದೆ. ಅದೇ ಅಸರ್ ಸಮೀಕ್ಷೆಯಲ್ಲಿ 14ರಿಂದ 18ರ ವಯಸ್ಸಿನ ಕಾಲು ಭಾಗದಷ್ಟು ಮಕ್ಕಳಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನೂ ಸರಾಗವಾಗಿ ಓದಲು ಬರಲಿಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಧಾರಾಳವಾಗಿ ಏರಿಸಿದ ಮೇಲೆ. ಹತ್ತು ವರ್ಷ ಶಾಲೆಗೆ ಹೋದದ್ದು ಬೇರೆ, ಹತ್ತು ವರ್ಷದ ವಿದ್ಯೆ ದಕ್ಕಿದ್ದು ಬೇರೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಹೇಳಿದ್ದರು: ಮಾಲೀಕರಿಗೆ ಪದವಿ ಎಂಬುದು ಒಂದು ಗುರುತು, ಈ ಅಭ್ಯರ್ಥಿ ಉಳಿದವರಿಗಿಂತ ವಾಸಿ ಎಂದು ಊಹಿಸಲು ಸಿಕ್ಕುವ ಸುಳಿವು. ಎಲ್ಲರ ಕೈಯಲ್ಲೂ ಅದೇ ಗುರುತು ಬಂದಾಗ ಮಾಲೀಕರು ಮತ್ತೊಂದು ಗುರುತನ್ನು ಹುಡುಕುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರ ಆರಂಭಿಕ ಸಂಬಳ ಹತ್ತು ವರ್ಷಕ್ಕೂ ಮಿಗಿಲಾಗಿ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿರುವುದಕ್ಕೆ ಇದೂ ಒಂದು ಕಾರಣ. ಆ ಹತ್ತು ವರ್ಷಗಳಲ್ಲಿ ಇಂಜಿನಿಯರಿಂಗ್ ಶುಲ್ಕವಾಗಲಿ ಬೆಂಗಳೂರಿನ ಮನೆ ಬಾಡಿಗೆಯಾಗಲಿ ನಿಂತಲ್ಲಿ ನಿಂತಿಲ್ಲ.

ಮಾಲೀಕರು ಹುಡುಕುವ ಆ ಮತ್ತೊಂದು ಗುರುತು ಯಾವುದು? ಹಲವು ಸಲ ಅದು ಇಂಗ್ಲಿಷ್. ಭಾರತದಲ್ಲಿ ಇಂಗ್ಲಿಷನ್ನು ಸರಾಗವಾಗಿ ಮಾತಾಡುವ ಗಂಡಸರು, ಓದು ಮತ್ತಿತರ ಸಂಗತಿಗಳು ಒಂದೇ ಇದ್ದರೂ, ಮಾತಾಡಲು ಬಾರದವರಿಗಿಂತ ಗಂಟೆಗೆ ಸರಾಸರಿ ಶೇ 34ರಷ್ಟು ಹೆಚ್ಚು ಗಳಿಸುತ್ತಾರೆ ಎಂದು 2013ರ ಒಂದು ಅಧ್ಯಯನ ಕಂಡುಕೊಂಡಿತು. ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿಯಲ್ಲಿ ಶೇ 80 ಅಂಕ ತೆಗೆದವರು ಸಂದರ್ಶನದ ಕೊಠಡಿಯಲ್ಲಿ ಬಾಯಿ ಕಟ್ಟಿದಂತೆ ಕೂರುವುದಕ್ಕೆ ಇದೇ ಹಿನ್ನೆಲೆ. ಕನ್ನಡದಲ್ಲಿ ಕಲಿತದ್ದು ಅವರ ಕೊರತೆಯಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಕಲಿಸುತ್ತಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲು ನಮ್ಮ ಶಾಲೆಗಳಿಗೆ ಆಗದಿರುವುದು ನಮ್ಮ ಕೊರತೆ.

ಹಲವು ಸಲ ಆ ಗುರುತು ಹೆಸರಿನ ಜತೆಗೇ ಬರುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಓದು, ಒಂದೇ ಅನುಭವ ಇರುವ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದ್ದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡು ಭಾಗ, ಮುಸ್ಲಿಂ ಹೆಸರಿಗೆ ಮೂರನೇ ಒಂದು ಭಾಗ. ಅರ್ಜಿದಾರರೆಲ್ಲ ಪದವೀಧರರೇ. ಮಿಲ್ಲರ್ ಸಮಿತಿ ಕೇಳಿದ ಪ್ರಶ್ನೆ ನೂರು ವರ್ಷದ ಮೇಲೂ ಖಾಸಗಿ ಕಚೇರಿಗಳ ಬಾಗಿಲಲ್ಲಿ ಹಾಗೇ ನಿಂತಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಏಣಿ ಇನ್ನೂ ವಿಚಿತ್ರವಾಗಿ ಬಾಗುತ್ತದೆ. ಓದದ ಹೆಂಗಸರು ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಾರೆ. ಪದವಿ, ನರ್ಸಿಂಗ್, ಬಿ.ಎಡ್. ಆದವರು ಕೆಲಸಕ್ಕೆ ಹೋಗುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದವರೇ ಮನೆಯಲ್ಲಿ ಹೆಚ್ಚು ಉಳಿಯುತ್ತಾರೆ. ಕೂಲಿಗೆ ಕಳಿಸುವುದು ಮರ್ಯಾದೆಗೆ ಕಡಿಮೆ. ಅವರ ಓದಿಗೆ ತಕ್ಕ ಕೆಲಸ ಊರಿನಲ್ಲಿಲ್ಲ. ಇದ್ದರೂ ಅದು ಅಂಗನವಾಡಿ, ಆಶಾ ಕೆಲಸ. ಅಲ್ಲಿ ಕೊಡುವ ಹಣವನ್ನು ಸಂಬಳ ಎನ್ನದೆ ಗೌರವಧನ, ಪ್ರೋತ್ಸಾಹಧನ ಎನ್ನುತ್ತಾರೆ. ಬೆಂಗಳೂರು, ರಾಮನಗರ, ಮಂಡ್ಯದ ಸುತ್ತಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಅರ್ಧಕ್ಕೆ ಓದು ಬಿಟ್ಟ ಲಕ್ಷಾಂತರ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿವೆ. ಆದರೆ ಅಲ್ಲಿ ಮೇಲೇರುವ ಮೆಟ್ಟಿಲುಗಳು ಎರಡೋ ಮೂರೋ. ಹದಿನೈದು ವರ್ಷ ಹೊಲಿದ ಟೈಲರ್ ಕೂಡ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ತಂದ ಹೊಸ ನಿಯಮದ ವಿರುದ್ಧ ಸಾವಿರಾರು ಮಂದಿ ಬೀದಿಗಿಳಿದು ಬೆಂಗಳೂರನ್ನೇ ನಿಲ್ಲಿಸಿದರು. ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅವರಿಗೆ ಉಳಿತಾಯ ಎಂದರೆ ಆ ಪಿಎಫ್ ಒಂದೇ.

ಊರು ಯಾವುದು ಎಂಬುದೂ ಲೆಕ್ಕಕ್ಕೆ ಸೇರಬೇಕು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ಕರಾವಳಿಯಲ್ಲಿ ಪಿಯುಸಿ ಓದಿದ ಹುಡುಗಿಗೆ ನರ್ಸಿಂಗ್ ಕಾಲೇಜು, ಬ್ಯಾಂಕು, ಗಲ್ಫ್‌ನಲ್ಲಿರುವ ನೆಂಟರು ಎಲ್ಲ ಕೈಗೆಟುಕುವಷ್ಟು ಹತ್ತಿರ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಹುಡುಗಿಗೆ ಪಿಯು ಕಾಲೇಜಿಗೆ ಹೋಗುವ ಬಸ್ಸೇ ಮೊದಲ ಪರೀಕ್ಷೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಿತ್ತು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ಸೀಟು ಮತ್ತು ನೌಕರಿಗಳಲ್ಲಿ ಮೀಸಲು ಸಿಕ್ಕಿತು. ಅದರಿಂದ ಆದ ಒಳಿತು ದೊಡ್ಡದು. ಆದರೆ ಹತ್ತನೇ ತರಗತಿಗೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಅಪ್ಪ ಅಮ್ಮನ ಜತೆ ಗುಳೆ ಹೊರಟ ಮಗುವಿಗೆ ಆ ಮೀಸಲು ತಲುಪುವುದಿಲ್ಲ.

ಕರ್ನಾಟಕದಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕಾಲೇಜು ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ಇಲ್ಲಿ 66 ಕಾಲೇಜುಗಳಿದ್ದವು, ದೇಶದಲ್ಲೇ ಅತಿ ಹೆಚ್ಚು. ಕಾಲೇಜಿಗೆ ಸೇರುವವರ ಪ್ರಮಾಣ ದೇಶದಲ್ಲಿ ಶೇ 28.4 ಇದ್ದರೆ ನಮ್ಮಲ್ಲಿ ಶೇ 36.2. ಆದರೆ ಆ ಕಾಲೇಜುಗಳಲ್ಲಿ ಓದಿದವರು ಏನಾದರು ಎಂಬ ಲೆಕ್ಕವನ್ನು ಬಹುತೇಕ ಕಾಲೇಜುಗಳು ಇಡುವುದಿಲ್ಲ. ಫ್ಲೆಕ್ಸ್ ಮೇಲೆ ಇರುವುದು ಅತಿ ಹೆಚ್ಚು ಸಂಬಳ ಪಡೆದ ಇಬ್ಬರ ಫೋಟೊ. ಸಾಲ ಮಾಡಿ ಮಗುವನ್ನು ಓದಿಸುವ ಸಂಸಾರಕ್ಕೆ ಆ ಇಬ್ಬರಿಂದ ಏನೂ ತಿಳಿಯುವುದಿಲ್ಲ. ಉಳಿದ ನೂರು ಜನ ಎಲ್ಲಿ ಹೋದರು, ಕೆಲಸ ಸಿಗಲು ಎಷ್ಟು ವರ್ಷ ಹಿಡಿಯಿತು, ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಸಂಬಂಧವಿದೆಯೇ ಎಂಬುದು ತಿಳಿಯಬೇಕು. ಸಾರ್ವಜನಿಕ ಹಣ ಪಡೆಯುವ ಪ್ರತಿ ಕಾಲೇಜು, ಐಟಿಐ, ಪಾಲಿಟೆಕ್ನಿಕ್ ಇದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು ಎಂಬ ನಿಯಮವನ್ನು ಸರ್ಕಾರ ತರಬೇಕು. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ, ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಬರೆದುಕೊಳ್ಳುವ ತಾಳ್ಮೆ ಬೇಕು.

ಅಲ್ಲಿಯವರೆಗೆ ಒಂದು ಕೆಲಸವನ್ನು ನಾವೇ ಮಾಡಬಹುದು. ಬರುವ ಜೂನ್‌ನಲ್ಲಿ ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜಿನ ಆಫೀಸಿಗೆ ಹೋದಾಗ, ಶುಲ್ಕ ಎಷ್ಟು ಎಂದು ಕೇಳುವ ಮೊದಲು, ಐದು ವರ್ಷದ ಹಿಂದೆ ಇಲ್ಲಿ ಇದೇ ಕೋರ್ಸ್ ಓದಿದ ಹತ್ತು ಮಂದಿಯ ಫೋನ್ ನಂಬರ್ ಕೊಡಿ ಎಂದು ಕೇಳಿ. ಕೊಟ್ಟರೆ ಆ ಹತ್ತೂ ಮಂದಿಗೆ ಫೋನು ಮಾಡಿ.